ಟೋಕನ್ ನಂಬರ್ ಗೊತ್ತು, ಹೆಸರು ಗೊತ್ತಿಲ್ಲ. ನಮ್ಮ ಸಭೆಯ ಸೇವೆಯನ್ನು ಹೇಗೆ ಬದಲಿಸುವುದು?

ಕೇಳಿದವರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಸಣ್ಣ ಕ್ರೈಸ್ತ ಸಭೆ, ಅಂದರೆ ಚರ್ಚ್. ಭಾನುವಾರದ ಆರಾಧನೆಗೆ 80 ಜನ ಬಂದರೆ ಜಾಸ್ತಿ. ಸಭೆಯ ಕಟ್ಟಡದ ಹಿಂದೆಯೇ ಬಡವರ ಓಣಿಗಳಿವೆ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಕೂಲಿ ಕೆಲಸ, ಮನೆಗೆಲಸ, ಬಾಡಿಗೆ ಬಾಕಿ, ಕಾಯಿಲೆ. ನಾಲ್ಕು ವರ್ಷದಿಂದ ಪ್ರತಿ ಶನಿವಾರ ಬೆಳಿಗ್ಗೆ ಅಲ್ಲಿಯವರಿಗೆ ದಿನಸಿ ಚೀಲ ಕೊಡುತ್ತಿದ್ದೇವೆ. ಶುರುವಿನಲ್ಲಿ 30 ಚೀಲ ಸಾಕಾಗುತ್ತಿತ್ತು. ಈಗ 140 ಬೇಕು. ವರ್ಷದ ವರದಿಯಲ್ಲಿ ಇದನ್ನು ಬೆಳವಣಿಗೆ ಅಂತ ಬರೆದವಳು ನಾನೇ. ಈಗ ಆ ಮಾತು ಓದಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಚೀಲಕ್ಕೆ ಕಾಯುವವರು ಜಾಸ್ತಿ ಆಗಿದ್ದಾರೆ ಅಂದರೆ ಆ ಓಣಿಯಲ್ಲಿ ಕಷ್ಟ ಜಾಸ್ತಿ ಆಗಿದೆ ಅಂತ ತಾನೇ ಅರ್ಥ?

ಕಳೆದ ಶನಿವಾರ ಮಳೆ. ಸಾಲು ಗೇಟು ದಾಟಿ ರಸ್ತೆಯವರೆಗೂ ಹೋಗಿತ್ತು. ನಾನು ಟೋಕನ್ ತೆಗೆದುಕೊಳ್ಳುವ ಮೇಜಿನ ಹತ್ತಿರ ಇದ್ದೆ. ಮೊದಲ ವರ್ಷದಿಂದಲೂ ಬರುತ್ತಿರುವ ಒಬ್ಬ ತಾಯಿ ಎದುರಿಗೆ ಬಂದು ನಿಂತರು. ತಲೆ ಮೇಲೆ ಪ್ಲಾಸ್ಟಿಕ್ ಹಾಳೆ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾಕೋ ಅವತ್ತು "ಅಮ್ಮಾ, ನಿಮ್ಮ ಹೆಸರೇನು?" ಅಂತ ಕೇಳಿದೆ. ಅವರು ತಕ್ಷಣ "ಎಪ್ಪತ್ತಾರು" ಅಂದರು. ಅದು ಅವರ ಟೋಕನ್ ನಂಬರು. ನನಗೆ ಮಾತೇ ಹೊರಡಲಿಲ್ಲ. ಅವರಿಗೂ ಏನೋ ಅನ್ನಿಸಿರಬೇಕು. ಮುಖ ಒರೆಸಿಕೊಂಡು ಮೆಲ್ಲಗೆ ಹೆಸರು ಹೇಳಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ಗೋಡೆಯ ಆಚೆ ಇರುವವರ ಹೆಸರೇ ಕೇಳಿರಲಿಲ್ಲ. ಇಂಥ ಕಡೆ ಸೇವೆ ಮಾಡಿದವರು, ಅಲ್ಲೇ ಹುಟ್ಟಿ ಬೆಳೆದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಎಲ್ಲಿಂದ ಶುರು ಮಾಡಲಿ?

ಅಂಥದೇ ಓಣಿಯಲ್ಲಿ ವಾಸ ಇರುವವನು

ಮೊದಲು ಒಂದು ಮಾತು. ಮುಂದಿನ ಶನಿವಾರವೇ ಚೀಲ ನಿಲ್ಲಿಸಿಬಿಡಬೇಡಿ. ನಿಮ್ಮ ಮನಸ್ಸಿಗೆ ಚುಚ್ಚಿತು ಅಂತ ಆ ತಾಯಿಯ ಮನೆಯ ಡಬ್ಬಿ ಖಾಲಿ ಆಗಬಾರದು. ಚೀಲ ನಡೆಯುತ್ತಿರಲಿ. ಅದರ ಪಕ್ಕದಲ್ಲೇ ಬೇರೆ ಕೆಲಸ ಶುರು ಮಾಡಿ.

ಆ ಬೇರೆ ಕೆಲಸ ಏನಪ್ಪಾ ಅಂದರೆ, ಹೋಗಿ ಕೂತುಕೊಳ್ಳುವುದು. ಸರ್ವೆ ಫಾರಂ ಹಿಡಿದುಕೊಂಡು ಹೋಗಬೇಡಿ. ಫಾರಂ ನೋಡಿದ ಕೂಡಲೇ ಜನ ನಿಮಗೆ ಬೇಕಾದ ಉತ್ತರ ಕೊಡುತ್ತಾರೆ. ನಾನು ಇಲ್ಲಿ ಮನೆ ಮಾಡಿದ ಮೊದಲ ಆರು ತಿಂಗಳು ಏನೂ ಮಾಡಲಿಲ್ಲ. ಸಂಜೆ ಬಾಗಿಲ ಮುಂದೆ ಕೂರುತ್ತಿದ್ದೆ, ಅಷ್ಟೇ. ನನ್ನ ಸಭೆಯವರಿಗೆ ಚಿಂತೆ ಆಯಿತು, ಇವನು ಸುಮ್ನೆ ಕಾಲ ಕಳೀತಾ ಇದ್ದಾನೆ ಅಂತ. ಆದರೆ ಆ ಆರು ತಿಂಗಳಲ್ಲಿ ನನಗೆ ಗೊತ್ತಾದದ್ದು ಬೇರೆ ಯಾವ ತರಬೇತಿಯಲ್ಲೂ ಗೊತ್ತಾಗುತ್ತಿರಲಿಲ್ಲ. ಯಾವ ಮನೆಯ ಗಂಡಸು ರಾತ್ರಿ ಪಾಳಿಗೆ ಹೋಗುತ್ತಾನೆ, ಯಾರ ಮಗು ಯಾರ ಮನೆಯಲ್ಲಿ ಮಲಗುತ್ತದೆ, ಬಾಡಿಗೆ ವಸೂಲಿಗೆ ಯಾವ ದಿನ ಬರುತ್ತಾರೆ, ಆ ದಿನ ಯಾರ ಬಾಗಿಲು ಮುಚ್ಚಿರುತ್ತದೆ.

ಇನ್ನೊಂದು. ಏನಿಲ್ಲ ಅಂತ ಕೇಳುವ ಮೊದಲು ಏನಿದೆ ಅಂತ ನೋಡಿ. ಷಿಕಾಗೋ ಹತ್ತಿರದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ನೈಟ್ ಮತ್ತು ಜಾನ್ ಕ್ರೆಟ್ಸ್‌ಮನ್ 1993ರಲ್ಲೇ ಇದನ್ನು ಬರೆದಿದ್ದಾರೆ. ಕೊರತೆಯ ಪಟ್ಟಿ ಹಿಡಿದು ಹೋದರೆ ಅಲ್ಲಿಯ ಜನ ತಮ್ಮನ್ನು ತಾವೇ ಕೊರತೆ ಅಂತ ನೋಡಿಕೊಳ್ಳಲು ಶುರು ಮಾಡುತ್ತಾರೆ ಅನ್ನುವುದು ಅವರ ಮಾತಿನ ತಿರುಳು. ನಮ್ಮ ಓಣಿಯಲ್ಲಿ ಮುರಿದ ಏನನ್ನೇ ಆದರೂ ರಿಪೇರಿ ಮಾಡುವ ಒಬ್ಬರಿದ್ದಾರೆ. ಎಲ್ಲರ ಅರ್ಜಿ ತುಂಬಿಕೊಡುವ ಒಬ್ಬ ಹುಡುಗಿ ಇದ್ದಾಳೆ. ಬಾಣಂತಿ ಮನೆಗೆ ಕರೆಯದೇ ಹೋಗಿ ನಿಲ್ಲುವ ಅಜ್ಜಿ ಇದ್ದಾರೆ. ನಾವು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಇಲ್ಲಿ ಸೇವೆ ನಡೆಯುತ್ತಿತ್ತು.

ಷಿಕಾಗೋದ ಲಾನ್‌ಡೇಲ್ ಅನ್ನುವ ಬಡ ಬಡಾವಣೆಯಲ್ಲಿ 1978ರಲ್ಲಿ ಒಂದು ಪುಟ್ಟ ಸಭೆ ಶುರುವಾಯಿತು. ಶಾಲೆಯಲ್ಲಿ ಪಾಠ ಹೇಳುತ್ತಾ, ಆಟದ ಕೋಚ್ ಆಗಿದ್ದ ವೇಯ್ನ್ ಗಾರ್ಡನ್ ಮತ್ತು ಅಲ್ಲಿಯ ಹುಡುಗರು ಸೇರಿ ಕಟ್ಟಿದ ಸಭೆ. ಬಡಾವಣೆಗೆ ಏನು ಬೇಕು ಅಂತ ಜನರೇ ಕೂತು ಪಟ್ಟಿ ಮಾಡಿದಾಗ ಬಂದ ಮಾತುಗಳಲ್ಲಿ ಒಂದು, ಭಯ ಇಲ್ಲದೆ ಬಟ್ಟೆ ಒಗೆಯಲು ಒಂದು ಜಾಗ. ಹೊರಗಿನವರು ಯಾರಾದರೂ ಇದನ್ನು ಊಹಿಸುತ್ತಿದ್ದರಾ? ಆರೋಗ್ಯ ಕೇಂದ್ರ ಆದದ್ದು ಆಮೇಲೆ, 1984ರಲ್ಲಿ. ಅದು ಇವತ್ತಿಗೂ ನಡೆಯುತ್ತಿದೆ.

ಸಾಲಿನಲ್ಲಿ ನಿಂತು ಬೆಳೆದವಳು

ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ಓದಿ ಹೋಗುತ್ತೇನೆ. "ಎಪ್ಪತ್ತಾರು" ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಾನು ಚಿಕ್ಕವಳಿದ್ದಾಗ ಅಮ್ಮನ ಕೈ ಹಿಡಿದುಕೊಂಡು ಇಂಥದೇ ಸಾಲಿನಲ್ಲಿ ನಿಂತಿದ್ದೇನೆ.

ಒಂದು ಸಲ ಸಭೆಯವರು ಫೋಟೋ ತೆಗೆದರು. ಚೀಲ ಅಮ್ಮನ ಕೈಗೆ ಕೊಟ್ಟು, ಕೊಟ್ಟವರು ಹಾಗೇ ಹಿಡಿದುಕೊಂಡೇ ನಿಂತರು, ಕ್ಯಾಮೆರಾ ಕಡೆ ನೋಡಿ ಅಂದರು. ಅಮ್ಮ ನೋಡಲಿಲ್ಲ. ನನ್ನ ತಲೆ ಸವರುವ ನೆಪದಲ್ಲಿ ಮುಖ ಬಗ್ಗಿಸಿಬಿಟ್ಟರು. ಆ ಕೈ ನಡುಗುತ್ತಿದ್ದದ್ದು ನನ್ನ ತಲೆಗೆ ಗೊತ್ತಾಯಿತು. ಮುಂದಿನ ವಾರದಿಂದ ನಾವು ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಿಕೊಂಡು ಬರಲಿಲ್ಲ. ನಮ್ಮ ಚೀಲ ಬೇರೆ ಯಾರಿಗೋ ಹೋಯಿತು. ಕೊಟ್ಟವರು ಕೆಟ್ಟವರಲ್ಲ. ಅವರಿಗೆ ಗೊತ್ತಾಗಲೇ ಇಲ್ಲ, ಅಷ್ಟೇ.

ಕೆಲವು ವರ್ಷ ಆದ ಮೇಲೆ ಬೇರೆ ಸಭೆಯ ಒಬ್ಬ ಅಕ್ಕ ಮನೆಗೆ ಬಂದರು. ಚೀಲ ತರಲಿಲ್ಲ. "ನೀವು ಚೆನ್ನಾಗಿ ಹೊಲಿಯುತ್ತೀರಂತೆ, ನಮ್ಮ ಹುಡುಗಿಯರಿಗೆ ಕಲಿಸಲು ಯಾರೂ ಇಲ್ಲ, ವಾರಕ್ಕೆ ಎರಡು ದಿನ ಬರುತ್ತೀರಾ?" ಅಂತ ಕೇಳಿದರು. ಅದಕ್ಕೆ ಸಂಬಳವನ್ನೂ ಹೇಳಿದರು. ಅವರು ಹೋದ ಮೇಲೆ ಅಮ್ಮ ಪೆಟ್ಟಿಗೆ ತೆಗೆದು, ಎಷ್ಟೋ ದಿನದಿಂದ ಮುಟ್ಟದ ಕತ್ತರಿಯನ್ನು ಎಣ್ಣೆ ಹಾಕಿ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ನನಗೆ ಇವತ್ತಿಗೂ ಆ ಕತ್ತರಿಯ ಹೊಳಪು ಕಣ್ಣಿಗೆ ಕಟ್ಟಿದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಫೋಟೋ ಬೇಡ, ವರದಿಗೂ ಬೇಡ, ದಾನಿಗಳಿಗೂ ಬೇಡ. ಕಟ್ಟಿಟ್ಟ ಚೀಲದ ಬದಲು ಸಾಮಾನು ಮೇಜಿನ ಮೇಲಿಡಿ, ಬೇಕಾದ್ದನ್ನು ಅವರೇ ಆರಿಸಿಕೊಳ್ಳಲಿ. ಮತ್ತೆ, ಅವರ ಹತ್ತಿರ ನೀವು ಏನಾದರೂ ಕೇಳಿ. ಯಾವಾಗಲೂ ಪಡೆಯುವುದೇ ಆದರೆ ಮನುಷ್ಯನ ಬೆನ್ನು ಬಗ್ಗಿಹೋಗುತ್ತದೆ.

ಬೈಬಲಿನಲ್ಲಿ ಹಕ್ಕಲಿನ ನಿಯಮ ಇದೆಯಲ್ಲ, ಯಾಜಕಕಾಂಡ 19ರಲ್ಲಿ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆ ಆಯಬೇಡ, ಬಡವರಿಗೂ ಪರದೇಶದವರಿಗೂ ಬಿಡು ಅಂತ. ಪರದೇಶದಿಂದ ಬಂದ ಬಡ ವಿಧವೆ ರೂತಳು ಹಕ್ಕಲು ಆಯಲು ಹೋದಾಗ ಯಾರೂ ಅವಳನ್ನು ಸಾಲಿನಲ್ಲಿ ನಿಲ್ಲಿಸಲಿಲ್ಲ. ಅವಳೇ ಹೋದಳು, ಅವಳೇ ಆಯ್ದಳು, ಅವಳೇ ಬಡಿದು ಕಾಳು ಮಾಡಿಕೊಂಡಳು. ಹೊಲದ ಒಡೆಯ ಬೋವಜನು ಆಳುಗಳಿಗೆ ಹೇಳಿದ ಮಾತು ನನಗೆ ತುಂಬಾ ಇಷ್ಟ. ಸಿವುಡಿನಿಂದ ಬೇಕಂತಲೇ ಸ್ವಲ್ಪ ಉದುರಿಸಿ, ಅವಳನ್ನು ಗದರಿಸಬೇಡಿ ಅಂತ ಹೇಳುತ್ತಾನೆ. ಕೊಡುವವನು ಅವಳ ಮಾನವನ್ನೂ ಲೆಕ್ಕಕ್ಕೆ ಇಟ್ಟುಕೊಂಡಿದ್ದ.

ಕೇಳಿದವರು

ಅಕ್ಕಾ, ಕಣ್ಣೀರು ತಡೆಯಲು ಆಗಲಿಲ್ಲ. ನಮ್ಮ ಸಭೆಯ ಪ್ರಕಟಣಾ ಫಲಕದಲ್ಲಿ ಇಂಥ ಹನ್ನೊಂದು ಫೋಟೋ ಇದ್ದವು. ಈಗಷ್ಟೇ ಹೋಗಿ ತೆಗೆದು ಬಂದೆ. ಬರೆದಿದ್ದಕ್ಕೆ ತುಂಬಾ ತುಂಬಾ ಥ್ಯಾಂಕ್ಸ್.

ಹಿರಿಯರ ಸಮಿತಿಯಲ್ಲಿರುವವರು

ಎಲ್ಲರ ಮಾತಿಗೂ ಗೌರವ ಇದೆ. ಆದರೂ ಒಂದು ಭಯ ಹೇಳುತ್ತೇನೆ. ಈಗೀಗ ದಾನ ಅಂದರೆ ತಪ್ಪು ಅನ್ನುವ ಹಾಗೆ ಮಾತು ಬರುತ್ತಿದೆ. ಜನರನ್ನು ಸ್ವಾವಲಂಬಿ ಮಾಡಬೇಕು, ತರಬೇತಿ ಕೊಡಬೇಕು, ಸರಿ. ಆದರೆ ಹಾಸಿಗೆ ಹಿಡಿದ ಮುದುಕರಿಗೆ ಯಾವ ತರಬೇತಿ ಕೊಡುತ್ತೀರಿ? ಮನಸ್ಸಿನ ಸ್ವಾಧೀನ ತಪ್ಪಿದವರಿಗೆ? ನಾನು ಹಸಿದಿದ್ದೆನು, ನೀವು ಊಟ ಕೊಟ್ಟಿರಿ ಅಂತ ಮತ್ತಾಯ 25ರಲ್ಲಿ ಯೇಸುಸ್ವಾಮಿ ಹೇಳಿದಾಗ, ಹಸಿದವನು ಮುಂದೆ ಏನಾದ ಅಂತ ಲೆಕ್ಕ ಕೇಳಲಿಲ್ಲ.

ಮದರ್ ತೆರೇಸಾ 1952ರಲ್ಲಿ ಕೋಲ್ಕತ್ತಾದ ಕಾಳಿಘಾಟ್‌ನಲ್ಲಿ ನಿರ್ಮಲ ಹೃದಯ ಅನ್ನುವ ಆಶ್ರಯಮನೆ ತೆರೆದರಲ್ಲ, ಅಲ್ಲಿಗೆ ಬಂದವರು ಬೀದಿಯಲ್ಲಿ ಸಾಯುತ್ತಿದ್ದವರು. ಅವರ ಆರೈಕೆಯ ಬಗ್ಗೆ ಆಮೇಲೆ ಟೀಕೆಗಳೂ ಬಂದವು, ಅದು ಬೇರೆ ಚರ್ಚೆ. ಆದರೆ ಯಾವ ಫಲಿತಾಂಶವನ್ನೂ ತೋರಿಸಲಾರದ ಜನರ ಪಕ್ಕದಲ್ಲಿ ಕೂರುವುದೂ ಸೇವೆಯೇ. ನಮ್ಮ ಸಭೆಯಲ್ಲಿ ಒಬ್ಬ ವಿಧವೆ ತಾಯಿಗೆ ಒಂಬತ್ತು ವರ್ಷ ಪ್ರತಿ ತಿಂಗಳು ಔಷಧಿ ಕೊಡಿಸಿದೆವು. ಅವರು ಯಾವತ್ತೂ ತಮ್ಮ ಕಾಲ ಮೇಲೆ ನಿಲ್ಲಲಿಲ್ಲ, ನಿಲ್ಲುವ ಸ್ಥಿತಿಯೂ ಇರಲಿಲ್ಲ. ಆ ಒಂಬತ್ತು ವರ್ಷ ವ್ಯರ್ಥ ಅಂತ ನನಗೆ ಯಾರೂ ಹೇಳಬೇಡಿ.

ಅಂಥದೇ ಓಣಿಯಲ್ಲಿ ವಾಸ ಇರುವವನು

ಅಣ್ಣಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಮೇಲಿನ ನನ್ನ ಮಾತಿನಲ್ಲಿ ಇದು ಬಿಟ್ಟುಹೋಗಿತ್ತು. ಒಂಬತ್ತು ವರ್ಷ ಹೋಗುತ್ತಾ ಇದ್ದಿರಿ ಅಂದರೆ ಆ ತಾಯಿಯ ಹೆಸರು, ನೋವು, ಮಕ್ಕಳ ಸುದ್ದಿ ಎಲ್ಲ ನಿಮಗೆ ಗೊತ್ತಿತ್ತು. ಕೊಟ್ಟಿದ್ದು ಔಷಧಿ ಆದರೂ ನೀವು ನೆರೆಯವರಾಗಿದ್ದಿರಿ.

ವಾರಾಂತ್ಯಕ್ಕೆ ಹೋಗುವ ಹುಡುಗ

ಒಂದು ಕಷ್ಟದ ಪ್ರಶ್ನೆ ಕೇಳಲಾ? ನಮ್ಮ ತಂಡದಲ್ಲಿ ಕೆಲವರು, ಪ್ರಾರ್ಥನೆಗೆ ಕೂತವರಿಗೆ ಮಾತ್ರ ಸಾಮಾನು ಕೊಡಬೇಕು ಅನ್ನುತ್ತಾರೆ. ಸುವಾರ್ತೆ ಹೇಳದಿದ್ದರೆ ನಮಗೂ ಬೇರೆ ಸಂಸ್ಥೆಗೂ ಏನು ವ್ಯತ್ಯಾಸ ಅಂತ ಅವರ ವಾದ. ನನಗೆ ಅದು ಸರಿ ಕಾಣುವುದಿಲ್ಲ, ಆದರೆ ಉತ್ತರ ಕೊಡಲು ಗೊತ್ತಾಗುತ್ತಿಲ್ಲ.

ಒಬ್ಬ ಸಭಾಪಾಲಕ

ತಮ್ಮಾ, ಬೈಬಲಿನಲ್ಲಿ ಲೂಕ 17 ತೆಗೆದು ಓದು. ಹತ್ತು ಜನ ಕುಷ್ಠರೋಗಿಗಳು ಗುಣ ಆದರು. ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು, ಯೆಹೂದ್ಯರು ಹೊರಗಿನವರು ಅಂತ ದೂರ ಇಟ್ಟಿದ್ದ ಜನದವನು. ಉಳಿದ ಒಂಬತ್ತು ಜನ ಎಲ್ಲಿ ಅಂತ ಕರ್ತನು ಕೇಳಿದನು, ನೊಂದುಕೊಂಡೇ ಕೇಳಿರಬೇಕು. ಆದರೆ ಒಂಬತ್ತು ಜನರ ಮೈಗೆ ರೋಗ ವಾಪಸ್ ಬರಲಿಲ್ಲ. ಕೊಟ್ಟಿದ್ದು ಕೊಟ್ಟಿದ್ದೇ.

ಹಸಿದವನಿಗೆ ಷರತ್ತು ಹಾಕಿದರೆ ಅವನು ತಲೆ ಆಡಿಸುತ್ತಾನೆ. ಅದನ್ನು ನಂಬಿಕೆ ಅಂತ ಎಣಿಸಿದರೆ ಮೋಸ ಹೋಗುವವರು ನಾವು. 1994ರಲ್ಲಿ ರೆಡ್ ಕ್ರಾಸ್ ಮತ್ತು ದೊಡ್ಡ ಪರಿಹಾರ ಸಂಸ್ಥೆಗಳು ಸೇರಿ ಒಂದು ನೀತಿಸಂಹಿತೆ ಮಾಡಿದವು. ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವು ಮುಂದಿಡಲು ಬಳಸಬಾರದು ಅಂತ ಅದರಲ್ಲಿದೆ. ಅದನ್ನು ರೂಪಿಸಿದವರಲ್ಲಿ ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಷನ್, ಚರ್ಚುಗಳ ವಿಶ್ವ ಮಂಡಳಿ ಎಲ್ಲ ಇದ್ದವು. ಅಂದರೆ ಕ್ರೈಸ್ತ ಸಂಸ್ಥೆಗಳೇ ಒಪ್ಪಿ ಸಹಿ ಹಾಕಿದ ಮಾತು. ಯಾಕೆ ಬಂದಿದ್ದೀರಿ ಅಂತ ಯಾರಾದರೂ ಕೇಳಿದರೆ ಮುಚ್ಚಿಡಬೇಡ, ಯೇಸುವಿನ ಹೆಸರು ಹೇಳು. ಪ್ರಾರ್ಥನೆ ಮಾಡಿ ಅಂತ ಅವರೇ ಕೇಳಿದರೆ ಮಾಡು. ಆದರೆ ಬಾಗಿಲಲ್ಲಿ ತಕ್ಕಡಿ ಇಡಬೇಡ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನನ್ನ ಸೇವೆಯನ್ನೇ ಬದಲಿಸಿತು. ಯೆರೂಸಲೇಮಿನ ಸಭೆಯಲ್ಲೂ ದಿನಾ ಹಂಚುವ ಕೆಲಸ ಇತ್ತು. ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ಗುಣುಗುಟ್ಟುವಿಕೆ ಎದ್ದಿತು. ಆಗ ಏಳು ಜನರನ್ನು ಆರಿಸಿ ಆ ಕೆಲಸ ಒಪ್ಪಿಸಿದರು. ಅವರ ಹೆಸರು ನೋಡಿ. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು! ಯಾರ ಕಡೆಯವರಿಗೆ ಅನ್ಯಾಯ ಆಗಿತ್ತೋ ಅವರ ಕಡೆಯವರ ಕೈಗೇ ಉಗ್ರಾಣವನ್ನು ಕೊಟ್ಟರು ಅಂತ ನಾನು ಓದಿಕೊಳ್ಳುತ್ತೇನೆ. ಬರೀ ಅವರ ದೂರು ಕೇಳಿ ನಾವೇ ಸರಿಮಾಡುತ್ತೇವೆ ಅನ್ನಲಿಲ್ಲ.

ತಂಗೀ, ನಿಮ್ಮ ಸಭೆಯ ಹಿಂದಿನ ಹಾಲ್‌ನ ಬೀಗದ ಕೈ ಯಾರ ಹತ್ತಿರ ಇದೆ? ಆ ಓಣಿಯವರು ಒಬ್ಬರ ಹತ್ತಿರವಾದರೂ ಇದೆಯಾ? ನಾನಾದರೆ ಅಲ್ಲಿಂದ ಶುರು ಮಾಡುತ್ತೇನೆ.

ವಾರಾಂತ್ಯಕ್ಕೆ ಹೋಗುವ ಹುಡುಗ

ಥ್ಯಾಂಕ್ಸ್ ಪಾಸ್ಟರ್. ಹಾಗಾದರೆ ನಿಜವಾಗಿ ನೆರೆಯವರಾಗಬೇಕು ಅಂದರೆ ಮನೆಯನ್ನೇ ಅಲ್ಲಿಗೆ ಬದಲಿಸಬೇಕಾ? ನಾನೂ ನನ್ನ ಗೆಳೆಯರಿಬ್ಬರೂ ಅದನ್ನೇ ಯೋಚನೆ ಮಾಡುತ್ತಿದ್ದೇವೆ.

ಒಬ್ಬ ಸಭಾಪಾಲಕ

ಹಾಗೆ ಹೋದವರು ಇದ್ದಾರೆ. ಜಪಾನಿನ ತೊಯೊಹಿಕೊ ಕಾಗಾವಾ 1909ರ ಕ್ರಿಸ್‌ಮಸ್ ಹಿಂದಿನ ದಿನ ಕೋಬೆ ನಗರದ ಶಿನ್ಕಾವಾ ಕೊಳೆಗೇರಿಗೆ ಗಂಟುಮೂಟೆ ಕಟ್ಟಿಕೊಂಡು ಹೋದ. ಆಗ ಅವನಿಗೆ 21 ವರ್ಷ, ಕ್ಷಯರೋಗ ಬೇರೆ. ಅಲ್ಲಿ ಮಲಗಲು ಜಾಗ ಕೇಳಿದವರಿಗೆಲ್ಲ ಜಾಗ ಕೊಟ್ಟ. ಕಣ್ಣಿನ ಟ್ರಕೋಮಾ ರೋಗ ತಗುಲಿ ದೃಷ್ಟಿಯೇ ಹೋಗುವ ಹಾಗಾಯಿತು. ಆದರೆ ಅಲ್ಲೇ ಇದ್ದದ್ದರಿಂದ ಅವನಿಗೆ ಒಂದು ವಿಷಯ ತಿಳಿಯಿತು. ಒಬ್ಬೊಬ್ಬರಿಗೆ ಕೊಡುತ್ತಾ ಹೋದರೆ ಮುಗಿಯುವುದಿಲ್ಲ, ಕೂಲಿಯೇ ಕಡಿಮೆ ಇದೆ, ಕೊಳ್ಳುವ ಸಾಮಾನೇ ದುಬಾರಿ ಇದೆ ಅಂತ. ಕಾರ್ಮಿಕ ಸಂಘಗಳ ಜೊತೆ ನಿಂತ. 1921ರಲ್ಲಿ ಕೋಬೆಯಲ್ಲಿ ಬಳಕೆದಾರರ ಸಹಕಾರ ಸಂಘ ಕಟ್ಟಲು ಮುಂದಾದ.

ಜಾನ್ ಪರ್ಕಿನ್ಸ್ ಕತೆ ಬೇರೆ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1930ರಲ್ಲಿ ಹುಟ್ಟಿದ ಕಪ್ಪು ಜನಾಂಗದವರು. ಅಣ್ಣನನ್ನು ಪೊಲೀಸನೊಬ್ಬ ಗುಂಡು ಹೊಡೆದು ಕೊಂದ ಮೇಲೆ ಊರು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದರು, ಅಲ್ಲಿ ಚೆನ್ನಾಗಿಯೇ ಇದ್ದರು. ಆದರೂ 1960ರಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೆಂಡನ್‌ಹಾಲ್‌ಗೆ ವಾಪಸ್ ಬಂದರು. 1970ರಲ್ಲಿ ಜೈಲಿನಲ್ಲಿ ಪೊಲೀಸರು ಅವರನ್ನು ಸಾಯುವ ಹಾಗೆ ಹೊಡೆದರು. ಅಷ್ಟಾದರೂ ಅವರು ಹೇಳಿದ್ದು ಮೂರು ಮಾತು. ಜನರ ನಡುವೆ ನೆಲೆಸಿ, ಮುರಿದ ಸಂಬಂಧ ಕೂಡಿಸಿ, ಇರುವುದನ್ನು ನ್ಯಾಯವಾಗಿ ಹಂಚಿಕೊಳ್ಳಿ.

ಅವರ ದಾರಿಯಲ್ಲಿ ನಡೆಯುವವರು ಮೂರು ಥರದ ಜನರ ಬಗ್ಗೆ ಮಾತಾಡುತ್ತಾರೆ. ಹೊಸದಾಗಿ ಬಂದವರು, ಓದಿ ಹೊರಗೆ ಹೋಗಿ ವಾಪಸ್ ಬಂದವರು, ಎಲ್ಲಿಗೂ ಹೋಗದೆ ಅಲ್ಲೇ ಉಳಿದವರು. ನೀನು ಹೋಗುವುದಾದರೆ ಉಳಿದವರ ಕೈಕೆಳಗೆ ಹೋಗು. ಬಾಡಿಗೆಯನ್ನು ಏರಿಸಿ ಮನೆ ಹಿಡಿಯಬೇಡ. ನಿನ್ನಂಥ ಹತ್ತು ಜನ ಜಾಸ್ತಿ ಬಾಡಿಗೆ ಕೊಟ್ಟರೆ ಅಲ್ಲಿಯ ಹತ್ತು ಸಂಸಾರ ಬೀದಿಗೆ ಬರುತ್ತದೆ. ಒಂದು ವರ್ಷದ ಅನುಭವಕ್ಕೆ ಅಂತ ಹೋಗುವುದಾದರೆ, ದಯವಿಟ್ಟು, ಈಗಿರುವ ಮನೆಯಲ್ಲೇ ಇದ್ದುಕೊಂಡು ವಾರಕ್ಕೊಮ್ಮೆ ತಪ್ಪದೆ ಹೋಗು.

ನಿವೃತ್ತ ನರ್ಸ್

ಮನೆ ಭೇಟಿಯ ಬಗ್ಗೆ ನಾನು ಎರಡು ಮಾತು ಸೇರಿಸುತ್ತೇನೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಾಮ್ ಅನ್ನುವ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ ಒಂದು ಗುಂಪು ಕಟ್ಟಿದ. ಅದೇ ಸಂತ ವಿನ್ಸೆಂಟ್ ದೆ ಪಾಲ್ ಸಂಘ. ಬಡವರ ಓಣಿಗೆ ಹೇಗೆ ಹೋಗಬೇಕು, ಹೇಗೆ ಮಾತಾಡಬೇಕು ಅಂತ ಅವರಿಗೆ ಕಲಿಸಿದವರು ಸಿಸ್ಟರ್ ರೊಸಾಲಿ ರಾಂಡು. ಅವರು ಆ ಕೇರಿಯಲ್ಲಿ ಎಷ್ಟೋ ವರ್ಷದಿಂದ ಇದ್ದ ಕನ್ಯಾಸ್ತ್ರೀ. ಆ ಸಂಘದವರು ಇವತ್ತಿಗೂ ಮನೆಗೆ ಇಬ್ಬಿಬ್ಬರಾಗಿ ಹೋಗುತ್ತಾರೆ. ಇದು ಬಹಳ ಬುದ್ಧಿವಂತಿಕೆಯ ಪದ್ಧತಿ. ಒಬ್ಬರ ಕಿವಿಗೆ ಬೀಳದ್ದು ಇನ್ನೊಬ್ಬರಿಗೆ ಬೀಳುತ್ತದೆ. ತಪ್ಪು ಮಾತಿಗೂ ಅವಕಾಶ ಕಡಿಮೆ.

ಮಕ್ಕಳ ವಿಷಯದಲ್ಲಿ ಇದು ಕಡ್ಡಾಯ. ಎಷ್ಟೇ ಪರಿಚಯದವರಾದರೂ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಯಾವಾಗಲೂ ಇಬ್ಬರು, ಯಾವಾಗಲೂ ತೆರೆದ ಬಾಗಿಲು. ಏನಾದರೂ ಕೆಟ್ಟದ್ದು ಕಂಡರೆ ಸಭೆಯೊಳಗೇ ಮುಚ್ಚಿಹಾಕದೆ ಕಾನೂನಿನ ಪ್ರಕಾರ ದೂರು ಕೊಡಬೇಕು. ಸಭೆಯ ಹೆಸರು ಕೆಡುತ್ತದೆ ಅನ್ನುವವರ ಮಾತು ಕೇಳಲೇಬೇಡಿ.

ಇನ್ನೊಂದು, ನಾವೆಲ್ಲ ಮಾಡುವ ತಪ್ಪು. ಯಾರದೋ ಮನೆಯ ಗುಟ್ಟನ್ನು ಪ್ರಾರ್ಥನಾ ವಿಷಯ ಅಂತ ಕೂಟದಲ್ಲಿ ಹೇಳಿಬಿಡುವುದು. "ಫಲಾನಿಯ ಗಂಡ ಕುಡಿದು ಹೊಡೆಯುತ್ತಾನಂತೆ, ಪ್ರಾರ್ಥಿಸಿ." ಎರಡು ದಿನದಲ್ಲಿ ಅದು ಆ ಗಂಡನ ಕಿವಿಗೆ ಹೋಗುತ್ತದೆ. ಆ ಹೆಂಗಸಿಗೆ ಬೀಳುವ ಹೊಡೆತ ಎರಡರಷ್ಟಾಗುತ್ತದೆ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ, ಗಾಯಕ್ಕೆ ಹೊಲಿಗೆ ಹಾಕುವಾಗ ಪಕ್ಕದಲ್ಲಿ ನಿಂತಿದ್ದೇನೆ. ದೇವರಿಗೆ ಹೇಳಲು ಹತ್ತು ಜನರ ಕಿವಿ ಬೇಕಿಲ್ಲ.

ಮತ್ತೆ, ನೀವು ದಣಿಯಬೇಡಿ. ಯೇಸು ಹೇಳಿದ ಕತೆಯಲ್ಲಿ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನನ್ನು ಛತ್ರಕ್ಕೆ ಕರೆದುಕೊಂಡು ಹೋದ, ರಾತ್ರಿ ನೋಡಿಕೊಂಡ, ಮರುದಿನ ಎರಡು ನಾಣ್ಯ ಕೊಟ್ಟು ಛತ್ರದವನಿಗೆ ಒಪ್ಪಿಸಿ ತನ್ನ ದಾರಿ ಹಿಡಿದ. ತಿರುಗಿ ಬರುತ್ತೇನೆ ಅಂತಲೂ ಹೇಳಿದ. ಎಲ್ಲವನ್ನೂ ಅವನೊಬ್ಬನೇ ಮಾಡಲಿಲ್ಲ. ಹತ್ತಿರದ ಕ್ಲಿನಿಕ್, ಶಾಲೆಯ ಟೀಚರ್, ವಕೀಲರು, ಇವರ ಪರಿಚಯ ಮಾಡಿಕೊಳ್ಳಿ. ಅವರೇ ನಿಮ್ಮ ಛತ್ರದವರು.

ಸಭೆಯ ಲೆಕ್ಕ ನೋಡುವವರು

ಯಾರೂ ಸಾಲದ ಮಾತು ಎತ್ತಿಲ್ಲ. ನಮ್ಮ ಕಡೆ ಮನೆಮನೆಗೆ ಹೋದಾಗ ತಿಳಿದದ್ದು ಇದು. ಜನರನ್ನು ನೆಲಕ್ಕೆ ಒತ್ತಿ ಹಿಡಿದಿರುವುದು ಬಡ್ಡಿ. ಕಾಯಿಲೆ ಬಂತು, ಕೈಸಾಲ ತೆಗೆದರು, ವಾರವಾರ ಬಡ್ಡಿ ಕಟ್ಟಿ ಕಟ್ಟಿ ಅಸಲು ಹಾಗೇ ಉಳಿಯಿತು. ಅಂಥ ಮನೆಗೆ ನಾವು ಚೀಲ ಕೊಟ್ಟಾಗ ಉಳಿದ ಹಣ ಬಡ್ಡಿಯವನಿಗೆ ಹೋಗುತ್ತದೆ.

ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಇದನ್ನು 1746ರಲ್ಲೇ ಕಂಡುಕೊಂಡಿದ್ದರು. ಲಂಡನ್‌ನಲ್ಲಿ ಬಡವರಿಗಾಗಿ ಸಣ್ಣ ಸಾಲದ ನಿಧಿ ಮಾಡಿದರು. 20 ಶಿಲ್ಲಿಂಗ್‌ವರೆಗೆ ಸಾಲ, ವಾರವಾರ ಕಟ್ಟಿ ಮೂರು ತಿಂಗಳಲ್ಲಿ ತೀರಿಸಬೇಕು. ಒಂದೇ ವರ್ಷದಲ್ಲಿ 250ಕ್ಕೂ ಜಾಸ್ತಿ ಜನಕ್ಕೆ ನೆರವಾಯಿತು.

ನಮ್ಮಲ್ಲಿ ಸಭೆಯೇ ಸಾಲ ಕೊಡುವುದು ಬೇಡ ಅಂತ ತೀರ್ಮಾನಿಸಿದೆವು. ಸಾಲ ಕೊಟ್ಟವರ ಮುಖ ನೋಡಲು ತೆಗೆದುಕೊಂಡವರು ಹಿಂಜರಿಯುತ್ತಾರೆ, ಇದ್ದ ಸ್ನೇಹವೂ ಹೋಗುತ್ತದೆ. ಬದಲಿಗೆ ಓಣಿಯ ಹೆಂಗಸರೇ ಉಳಿತಾಯ ಗುಂಪು ಮಾಡಿಕೊಂಡರು. ಕೇರ್ ಅನ್ನುವ ನೆರವಿನ ಸಂಸ್ಥೆ 1991ರಲ್ಲಿ ಆಫ್ರಿಕಾದ ನೈಜರ್ ದೇಶದಲ್ಲಿ ಶುರು ಮಾಡಿದ ಪದ್ಧತಿ ಇದು. ಹಣ ಒಂದು ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಮೂರು ಬೀಗ. ಮೂರು ಕೀಲಿ ಮೂರು ಜನರ ಹತ್ತಿರ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಎಲ್ಲರೂ ಸೇರಿದಾಗ ಮಾತ್ರ ತೆರೆಯುತ್ತದೆ, ಎಲ್ಲರ ಎದುರೇ ಎಣಿಕೆ. ಪಾಸ್ಟರ್ ಬೀಗದ ಕೈ ಮಾತು ಹೇಳಿದರಲ್ಲ, ಅದಕ್ಕೇ ನೆನಪಾಯಿತು. ಸಭೆಯ ಕೈಯಲ್ಲಿ ಒಂದು ಕೀಲಿಯೂ ಇಲ್ಲ. ಅದು ಸರಿಯಾಗಿಯೇ ಇದೆ.

ನಮ್ಮ ಸೇವೆಗೆ ಬಂದ ಕಾಣಿಕೆಯ ಲೆಕ್ಕವನ್ನೂ ಹಾಲ್‌ನ ಗೋಡೆಗೆ ಅಂಟಿಸುತ್ತೇವೆ. ಓಣಿಯವರ ಹೆಸರಿನಲ್ಲಿ ಬಂದ ಹಣ ಏನಾಯಿತು ಅಂತ ತಿಳಿಯುವ ಹಕ್ಕು ಅವರಿಗೇ ಮೊದಲು ಇರುವುದು ಅಲ್ವಾ?

ಅಂಥದೇ ಓಣಿಯಲ್ಲಿ ವಾಸ ಇರುವವನು

ಇದಕ್ಕೆ ಒಂದು ಮಾತು. ಕೆಲವು ಕಷ್ಟ ಓಣಿಯೊಳಗೆ ಹುಟ್ಟಿದ್ದಲ್ಲ, ಹೊರಗಿನಿಂದ ಬಂದದ್ದು. ಚರಂಡಿ, ನೀರು, ಮನೆ ಖಾಲಿ ಮಾಡಿಸುವ ನೋಟಿಸು. ಇದಕ್ಕೆ ಪ್ರೀತಿಯ ಜೊತೆ ಅರ್ಜಿಯೂ ಬೇಕು, ಧ್ವನಿಯೂ ಬೇಕು. ಸಾಲ್ವೇಶನ್ ಆರ್ಮಿ 1865ರಲ್ಲಿ ಪೂರ್ವ ಲಂಡನ್‌ನ ಬೀದಿಯಲ್ಲಿ ವಿಲಿಯಂ ಮತ್ತು ಕ್ಯಾಥರೀನ್ ಬೂತ್ ಶುರು ಮಾಡಿದ ಸೇವೆ. ಬೆಂಕಿಕಡ್ಡಿ ಕಾರ್ಖಾನೆಯ ಹೆಂಗಸರಿಗೆ ಬಿಳಿ ರಂಜಕದಿಂದ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಅವರಿಗೆ ಪ್ರಾರ್ಥನೆ, ಊಟ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. 1891ರಲ್ಲಿ ತಾವೇ ಒಂದು ಕಾರ್ಖಾನೆ ತೆರೆದು, ಅಪಾಯ ಇಲ್ಲದ ಕೆಂಪು ರಂಜಕ ಬಳಸಿ, ಕೂಲಿಯನ್ನೂ ಜಾಸ್ತಿ ಕೊಟ್ಟು ತೋರಿಸಿದರು.

ನ್ಯೂಯಾರ್ಕ್‌ನ ಪೂರ್ವ ಬ್ರೂಕ್ಲಿನ್‌ನಲ್ಲಿ ಸಭೆಗಳೆಲ್ಲ ಸೇರಿ ಮೊದಲು ಹೋರಾಡಿದ್ದು ರಸ್ತೆಯ ಹೆಸರಿನ ಫಲಕಗಳಿಗಾಗಿ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಅದರಲ್ಲಿ ಗೆದ್ದ ಜನ 1980ರ ದಶಕದಲ್ಲಿ ಪಾಳುಬಿದ್ದ ಜಾಗದಲ್ಲಿ ಮನೆಗಳನ್ನೇ ಕಟ್ಟಿಸಿದರು. ಯೆರೂಸಲೇಮಿನ ಗೋಡೆ ಕಟ್ಟಿದ ನೆಹೆಮೀಯನ ಹೆಸರನ್ನೇ ಆ ಮನೆಗಳಿಗೆ ಇಟ್ಟರು.

ಕೇಳಿದವರು (ನಾಲ್ಕು ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ಬರೆಯುವುದಕ್ಕೆ ಏನಾದರೂ ಇರಲಿ ಅಂತ ಕಾದೆ.

ನಾವು ಮೊದಲ ಎರಡು ತಿಂಗಳು ಬರೀ ಮನೆಗಳಿಗೆ ಹೋದೆವು, ಇಬ್ಬಿಬ್ಬರಾಗಿ. ನಾನು ಆ ತಾಯಿಯ ಮನೆಗೇ ಹೋದೆ. ಮೂರನೇ ಸಲ ಹೋದಾಗ ಅವರು ಒಂದು ಮಾತು ಹೇಳಿದರು. ಅವರು ಮನೆಗೆಲಸಕ್ಕೆ ಹೋಗುವವರು. ಶನಿವಾರ ಬೆಳಿಗ್ಗೆ ಎಲ್ಲ ಮನೆಗಳಲ್ಲೂ ಹೆಚ್ಚಿನ ಕೆಲಸ ಇರುತ್ತದೆ, ಅದಕ್ಕೆ ಬೇರೆ ದುಡ್ಡು ಸಿಗುತ್ತದೆ. ಚೀಲಕ್ಕೆ ನಿಲ್ಲಬೇಕು ಅಂತ ನಾಲ್ಕು ವರ್ಷದಿಂದ ಆ ಕೆಲಸ ಬಿಟ್ಟುಕೊಂಡು ಬಂದಿದ್ದಾರೆ. "ನೀವು ಬಿಡುವು ಮಾಡಿಕೊಂಡು ಬರುತ್ತೀರಿ, ಹೇಗೆ ಹೇಳುವುದು" ಅಂದರು. ಶನಿವಾರ ಅಂತ ಆರಿಸಿದ್ದು ನಮ್ಮ ಕಾರ್ಯಕರ್ತರಿಗೆ ರಜೆ ಅಂತ. ನಾನು ತಲೆ ತಗ್ಗಿಸಿ ಕೂತೆ. ಅವರೇ ನನ್ನ ಕೈ ಹಿಡಿದುಕೊಂಡರು.

ಈಗ ಅದು ಬುಧವಾರ ಸಂಜೆ. ಟೋಕನ್ ಇಲ್ಲ. ಮೇಜಿನ ಮೇಲೆ ಸಾಮಾನು, ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಮೇಜಿನ ಹಿಂದೆ ನಿಲ್ಲುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಓಣಿಯವರೇ. ಯಾರ ಮನೆಯಲ್ಲಿ ನಿಜವಾಗಿ ಕಷ್ಟ, ಯಾರು ಈ ತಿಂಗಳು ಬರದಿದ್ದರೂ ನಡೆಯುತ್ತದೆ ಅಂತ ಅವರಿಗೆ ಗೊತ್ತು. ನಡೆದಾಡಲಾಗದ ಆರು ಜನರಿಗೆ ಮನೆಗೇ ತಲುಪುತ್ತದೆ. ಹಿರಿಯಣ್ಣ, ಅದು ನಿಮ್ಮ ಮಾತಿನಿಂದ ಆದದ್ದು.

ಹಾಲ್‌ನ ಬೀಗದ ಕೈ ಬಗ್ಗೆ ಸಮಿತಿಯಲ್ಲಿ ಮೂರು ಸಲ ಚರ್ಚೆ ಆಯಿತು. ಏನಾದರೂ ಕಳೆದುಹೋದರೆ ಯಾರು ಹೊಣೆ ಅಂತ. ಕೊನೆಗೆ ಒಪ್ಪಿದರು. ಮಕ್ಕಳಿಗೆ ಸಂಜೆ ಓದಲು ಬೆಳಕಿರುವ ಜಾಗ ಬೇಕು ಅಂತ ಎಲ್ಲ ಮನೆಯಲ್ಲೂ ಕೇಳಿದ್ದರು. ಈಗ ದಿನಾ ಸಂಜೆ ಹಾಲ್ ತೆರೆಯುತ್ತದೆ, ಇಬ್ಬರು ದೊಡ್ಡವರು ಇರುತ್ತಾರೆ, ಬಾಗಿಲು ತೆರೆದೇ ಇರುತ್ತದೆ. ಕೀಲಿ ಇರುವುದು ಆ ತಾಯಿಯ ಹತ್ತಿರ.

ಕೀಲಿ ಕೊಟ್ಟ ಎರಡನೇ ವಾರ ಹಾಲ್‌ನಲ್ಲಿ ಹನ್ನೆರಡು ಕುರ್ಚಿ ಕಾಣಲಿಲ್ಲ. ಸಮಿತಿಯವರ ಫೋನು ನನಗೆ ಬಂತು. ನಿಜ ಹೇಳುತ್ತೇನೆ, ನನ್ನ ಎದೆಯೂ ಧಸಕ್ಕೆಂದಿತು. ಓಣಿಗೆ ಹೋದೆ. ಮೂಲೆಮನೆಯ ಅಜ್ಜ ರಾತ್ರಿ ತೀರಿಕೊಂಡಿದ್ದರು. ಬಂದವರು ಕೂರಲು ಅಂತ ಕುರ್ಚಿಗಳನ್ನು ಬಾಗಿಲ ಮುಂದೆ ಸಾಲಾಗಿ ಹಾಕಿದ್ದರು. ಆ ತಾಯಿ ನನ್ನನ್ನು ನೋಡಿ ಎದ್ದು ಬಂದು, ಖಾಲಿ ಇದ್ದ ಒಂದು ಕುರ್ಚಿ ಒರೆಸಿ, "ಕೂತ್ಕೊಳ್ಳಿ" ಅಂದರು. ನಾನೂ ಅವರ ನಡುವೆ ಕೂತೆ. ಮಧ್ಯಾಹ್ನದವರೆಗೂ ಅಲ್ಲೇ ಇದ್ದೆ.

ಮರುದಿನ ಹನ್ನೆರಡೂ ವಾಪಸ್ ಬಂದವು, ತೊಳೆದು. ಎಷ್ಟೋ ದಿನದಿಂದ ಕಾಲು ಅಲ್ಲಾಡುತ್ತಿದ್ದ ಒಂದು ಕುರ್ಚಿಗೆ ಯಾರೋ ಹೊಸ ಮೊಳೆ ಹೊಡೆದಿದ್ದರು.